ಇಳಿತದ ಗೆರೆ

ವಿಟ್ಸ್ಕೆ ಬಂದರೆ ಮೊದಲು ಬಾಗಿಲ ಹೊರಗೆ ನಿಂತು
ಬೂಟಿನ ಕೆಸರು ಕೆರೆಯುತ್ತಾಳೆ. ಆಮೇಲೆ
ನಿದ್ದೆಹೋದ ಮಗುವನ್ನು ತಂದ ಹಾಗೆ, ಅಂಗಾತ,
ರಟ್ಟಿನ ಮೇಲೆ ಚಿತ್ರ ತರುತ್ತಾಳೆ.
ಅದರ ಮೇಲೆ ಉಸಿರು ಬಿಡಬೇಡ, ಅನ್ನುತ್ತಾಳೆ.
ಇಪ್ಪತ್ತೆರಡು ವರ್ಷದಿಂದ ಈ ಡೊಕ್ಕುಮ್ ಪೇಟೆಯಲ್ಲಿ
ಚೌಕಟ್ಟು ಹಾಕುತ್ತಿದ್ದೇನೆ: ಮದುವೆ ಫೋಟೋ, ಹಡಗಿನ ನಕ್ಷೆ,
ಸತ್ತ ನಾಯಿಗಳ ಮುಖ.
ಉಸಿರು ಹಿಡಿದು ಮಾಡುವ ಕೆಲಸ ಇದೊಂದೇ.

ಪಾಸ್ಟೆಲ್ ಅಂದರೆ ಏನು ಮಹಾ?
ಬಣ್ಣದ ಪುಡಿ, ಚೂರು ಸೀಮೆಸುಣ್ಣ,
ಹೆಸರಿಗೊಂದು ತೊಟ್ಟು ಗೋಂದು.
ಎಣ್ಣೆಯಿಲ್ಲ, ಕುಂಚವಿಲ್ಲ,
ಬೆರಳಿಗೂ ಕಾಗದಕ್ಕೂ ನಡುವೆ ದಲ್ಲಾಳಿಯಿಲ್ಲ.
ಕಾಗದಕ್ಕೆ ಹಲ್ಲಿರಬೇಕು, ಅನ್ನುತ್ತಾಳೆ.
ಅದು ಕಚ್ಚಿ ಹಿಡಿದಷ್ಟು ಚಿತ್ರ,
ಬಿಟ್ಟದ್ದೆಲ್ಲ ನೆಲದ ಪಾಲು.

ಅವಳು ಬರೆಯುವುದು ಒಂದೇ ಜಾಗ:
ಏರಿಯ ಆಚೆ, ದಿನಕ್ಕೆರಡು ಸಲ
ಸಮುದ್ರ ಎದ್ದುಹೋಗಿ
ಮಡಿಸದ ಹಾಸಿಗೆ ಬಿಟ್ಟುಹೋಗುವ ಕೆಸರುಬಯಲು.
ಮರವಿಲ್ಲ, ಗುಡ್ಡವಿಲ್ಲ.
ದೂರದಲ್ಲಿ ಒಂದು ಸಿಗಡಿ ದೋಣಿ, ಅದೂ ವಾಲಿಕೊಂಡು.
ಬರೀ ಬೂದು, ಬೇಜಾರಾಗಲ್ವಾ, ಅಂತ ಕೇಳಿದ್ದೆ ಒಮ್ಮೆ.
ಬೂದು ಅಂದರೆ ಬೂದಿಯ ಬಣ್ಣ, ಅಂದಳು, ಸುಟ್ಟದ್ದರದು.
ಅಲ್ಲಿ ಏನೂ ಸುಟ್ಟಿಲ್ಲ. ನೆನೆದಿದೆ.
ನೆನೆದದ್ದರ ಬಣ್ಣಕ್ಕೆ ನಿನ್ನ ಬಳಿ ಹೆಸರಿಲ್ಲದಿದ್ದರೆ
ಸುಮ್ಮನಿರು.

ಮರುದಿನ ಒಂದು ಚುಟ್ಟಾ ಡಬ್ಬಿ ತಂದು
ಮೇಜಿನ ಮೇಲೆ ಕುಕ್ಕಿದಳು.
ಅಲ್ಲಲ್ಲಿಯ ಕೆಸರನ್ನು ಒಲೆಯ ಮೇಲೆ ಒಣಗಿಸಿ,
ಹಳೆಯ ಕಾಲುಚೀಲದಲ್ಲಿ ಜರಡಿ ಹಿಡಿದು,
ಬತ್ತಿಯಂತೆ ಹೊಸೆದ ಕಡ್ಡಿಗಳು.
ಒಂದೊಂದಕ್ಕೂ ಪೆನ್ಸಿಲಿನಲ್ಲಿ ಚೀಟಿ:
ಕಪ್ಪೆಚಿಪ್ಪಿನ ದಿನ್ನೆ, ಕೆಳಪದರ.
ಹುಳುಗಳ ಹಿಕ್ಕೆ, ಮಾರ್ಚ್.
ಡೌವೆ ಸೊಂಟದವರೆಗೆ ಹೂತ ಜಾಗ.
ಡೌವೆ ಅವಳ ತಮ್ಮ, ಬೇಸಗೆಯಲ್ಲಿ ಪ್ರವಾಸಿಗಳನ್ನು
ಕೆಸರಿನಲ್ಲಿ ನಡೆಸಿಕೊಂಡು ಹೋಗುವವನು.
ಅವನ ಕಡ್ಡಿಯನ್ನು ಕಿಟಕಿಗೆ ಹಿಡಿದು ತಿರುಗಿಸಿದೆ.
ತುದಿಯಲ್ಲಿ ಒಂದಿಷ್ಟು ನೇರಳೆ.
ಆಣೆಗೂ, ನೇರಳೆ.

ಒಂದು ಚಿತ್ರ ಲೇವಾರ್ಡನ್ನಿನ ಹಲ್ಲಿನ ಡಾಕ್ಟರು ಕೊಂಡರು.
ಮೂರು ತಿಂಗಳಿಗೆ ಫೋನು:
ಗಾಜಿನ ಒಳಗೆ, ಬುಡದಲ್ಲಿ, ಧೂಳಿನ ಗೆರೆ ಬಿದ್ದಿದೆ,
ನಿಮ್ಮ ಕೆಲಸ ಸರಿಯಿಲ್ಲ.
ನಾನು ಮೊದಲೇ ಬಡಕೊಂಡಿದ್ದೆ, ಮೇಲೊಂದು ಕೈ ಅಂಟು ಸಿಂಪಡಿಸು ಅಂತ.
ಸಿಂಪಡಿಸಿದರೆ ಬೆಳಕು ಒಂದು ಮೆಟ್ಟಿಲು ಇಳಿಯುತ್ತೆ,
ಮಳೆಗೆ ಸಿಕ್ಕ ಕುರಿಯ ಹಾಗೆ ಮಂಕಾಗುತ್ತೆ, ಅಂದಿದ್ದಳು.
ವ್ಯಾನಿನಲ್ಲಿ ಇಬ್ಬರೂ ಹೋದೆವು. ದಾರಿಯುದ್ದಕ್ಕೂ ಮಾತಿಲ್ಲ.

ಕಾಯುವ ಕೋಣೆ. ಆರು ಕುರ್ಚಿ, ಒಂದು ಮೀನಿನ ತೊಟ್ಟಿ.
ಕೆನ್ನೆ ಊದಿದ ಮುದುಕಿಯೊಬ್ಬಳು.
ಗೋಡೆಯ ಆಚೆ ಕೊರೆಯುವ ಯಂತ್ರ ಶುರುವಾಯಿತು.
ವಿಟ್ಸ್ಕೆ ಗೋಡೆಗೆ ಅಂಗೈ ಇಟ್ಟಳು. ನನ್ನ ಕೈಯನ್ನೂ ಎಳೆದು ಇಟ್ಟಳು.
ನಡುಗುತ್ತಿತ್ತು.
ಯಾರದೋ ದವಡೆ ಅಲ್ಲಿ ಬಾಯಿ ತೆರೆದಾಗಲೆಲ್ಲ
ಇಲ್ಲಿ ಕಾಗದದ ಹಲ್ಲು ಸಡಿಲವಾಗಿ
ಸಮುದ್ರ ಉದುರಿತ್ತು, ಕಣಕಣವಾಗಿ.

ಅವಳು ಹತ್ತಿರ ಹೋಗಿ ನೋಡಿದಳು, ಬಹಳ ಹೊತ್ತು.
ನೀರು ಇದ್ದಲ್ಲಿ ಈಗ ತೆಳುವಾಗಿ ಕಾಗದದ ಬಿಳಿ,
ಮುಸುಕಿನ ಒಳಗಿನಿಂದ ಯಾರೋ ದೀಪ ಹಿಡಿದಂತೆ.
ಹನ್ನೊಂದು ವರ್ಷದಿಂದ, ಅಂದಳು,
ಮುಂದಿನ ಮಾತು ನುಂಗಿದಳು.

ಮುದುಕಿ ಕರವಸ್ತ್ರದ ಹಿಂದಿನಿಂದ ತೊದಲಿದಳು:
ಅದು ನೀರು ತಿರುಗೋಕೆ ಮುಂಚೆ, ಅಲ್ವಾ?
ಸಿಗಡಿ ಸುಲಿಯೋಕೆ ನಮ್ಮನ್ನ ಎಬ್ಬಿಸ್ತಿದ್ದ ಹೊತ್ತು.

ಡಾಕ್ಟರು ಗ್ಲೌಸು ಕಳಚುತ್ತ ಬಂದು
ಹಣದ ಮಾತು ತೆಗೆದರು.
ನಾನು ಮೊಳೆ ಕಿತ್ತು ಎದುರುಗೋಡೆಗೆ ಹೊಡೆಯೋಣವೆಂದು
ಸುತ್ತಿಗೆ ಎತ್ತಿದ್ದೆ.
ಬೇಡ, ಅಂದಳು ವಿಟ್ಸ್ಕೆ.
ಇನ್ನೂ ಸ್ವಲ್ಪ ಇಳಿಯಲಿ.